15 ವರ್ಷದ ಪಾರ್ಕ್ ಪ್ಲಾನ್ ಬರೀಬೇಕಾಗಿದೆ, ಎಲ್ಲಿಂದ ಶುರು ಮಾಡೋದು?

ಬೆಳಗಿನನಡಿಗೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ನಗರದಲ್ಲಿ ಪಾರ್ಕ್‌ಗಳಿಗೆ ಅಂತ ಒಂದು ಸಲಹಾ ಸಮಿತಿ ಮಾಡಿದಾರೆ. ನಾಗರಿಕರ ಕಡೆಯಿಂದ ಮೂರು ಜನ, ಅದ್ರಲ್ಲಿ ನಾನೂ ಒಬ್ಬಳು. ಒಟ್ಟು 42 ಪಾರ್ಕ್ ಇವೆ, ದೊಡ್ಡದು ಎರಡು, ಉಳಿದಿದ್ದೆಲ್ಲ ಬಡಾವಣೆ ಪಾರ್ಕು. ಮುಂದಿನ 15 ವರ್ಷಕ್ಕೆ ಯಾವ ಪಾರ್ಕಿಗೆ ಯಾವಾಗ ಎಷ್ಟು ಬಂಡವಾಳ ಹಾಕ್ಬೇಕು ಅಂತ ಒಂದು ಕರಡು ಕೊಡಿ ಅಂದಿದಾರೆ. ಇಲ್ಲೀವರೆಗೂ ಹೇಗೆ ನಡೀತಿತ್ತು ಅಂದ್ರೆ, ಬಜೆಟ್ ಟೈಮಲ್ಲಿ ಯಾರು ಜೋರಾಗಿ ಕೇಳ್ತಾರೋ ಅವರ ಏರಿಯಾಗೆ ಹೊಸ ಗೇಟು, ಹೊಸ ಕಾರಂಜಿ, ಓಪನ್ ಜಿಮ್ಮು. ಕೇಳೋಕೆ ಯಾರೂ ಇಲ್ಲದ ಪಾರ್ಕಿಗೆ ಬಣ್ಣಾನೂ ಇಲ್ಲ.

ಒಂದು ಉದಾಹರಣೆ ಹೇಳ್ತೀನಿ. ನಾನು ದಿನಾ ವಾಕಿಂಗ್ ಹೋಗೋ ಪಾರ್ಕಲ್ಲಿ ಹೋದ ವರ್ಷ ಇಡೀ ನಡಿಗೆ ದಾರಿಗೆ ಕಲ್ಲು ಹಾಸಿದ್ರು, ನೋಡೋಕೆ ತುಂಬಾ ಚೆನ್ನಾಗಿತ್ತು. ಎಂಟೇ ತಿಂಗಳಿಗೆ ಅದರಡಿ ಇದ್ದ ಹಳೇ ನೀರಿನ ಪೈಪು ಒಡೀತು, ನೀರು ಕಲ್ಲಿನ ಸಂದೀಲಿ ಬುಗ್ಗೆ ಥರ ಬರ್ತಿದೆ, ನಿಲ್ಲಿಸೋಣ ಅಂದ್ರೆ ವಾಲ್ವ್ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಹೊಸಾ ಕಲ್ಲನ್ನೇ ಮೂರು ಕಡೆ ಕಿತ್ತು ಅಗೆದ್ರು, ಸಿಗಲಿಲ್ಲ, ನಾಲ್ಕನೇ ಗುಂಡೀಲಿ ಸಿಕ್ತು, ಆಗ ನೋಡಿದ್ರೆ ಹಿಡಿಕೆ ತುಕ್ಕು ಹಿಡಿದು ಕೈಗೇ ಕಿತ್ಕೊಂಡು ಬಂತು. ಅವತ್ತಿಂದ ಆ ದಾರಿ ತೇಪೆ ತೇಪೆಯಾಗೇ ಇದೆ. ನನಗೆ ತುಂಬಾ ಸಂಕಟ ಆಯ್ತು, ಅಷ್ಟು ದುಡ್ಡು, ಅಷ್ಟು ಕೆಲಸ.

ಹಾಗಾಗಿ ಇದನ್ನ ಸರಿಯಾಗಿ ಮಾಡ್ಬೇಕು ಅಂತ ಆಸೆ. ಆದ್ರೆ ನಾನು ಇಂಜಿನಿಯರ್ ಅಲ್ಲ, ಅಕೌಂಟ್ಸ್ ಕೂಡ ಬರಲ್ಲ. ಮೊದಲು ಏನು ಮಾಡ್ಬೇಕು? ಪ್ರತಿ ಪಾರ್ಕಿಗೂ ಹೊಸ ಡಿಸೈನ್ ಮಾಡಿಸ್ಬೇಕಾ? ಜನರ ಅಭಿಪ್ರಾಯ ಕೇಳೋದ್ರಿಂದ ಶುರು ಮಾಡ್ಬೇಕಾ? ಈ ಕೆಲಸ ಮಾಡಿರೋರು ಇದ್ರೆ ದಯವಿಟ್ಟು ಹೇಳಿ.

---

ಅಳತೆಟೇಪು

ಮೇಡಂ, ನಾನು ಪಾರ್ಕು ಮತ್ತೆ ಕಟ್ಟಡಗಳ ಸಿವಿಲ್ ಕೆಲಸದಲ್ಲೇ ಇದ್ದು ರಿಟೈರ್ ಆದವನು. ನಿಮ್ಮ ವಾಲ್ವ್ ಕಥೆ ಓದಿ ಬೇಜಾರಾಯ್ತು, ನಾನೂ ಇಂಥಾದ್ದು ತುಂಬಾ ನೋಡಿದೀನಿ. ಮೇಲೆ ಥಳುಕು ಒಳಗೆ ಹುಳುಕು ಅಂತಾರಲ್ಲ, ಅದೇ.

ಡಿಸೈನ್ ಮಾಡಿಸ್ಬೇಡಿ, ಈಗಲೇ ಬೇಡ. ಜನರನ್ನ ಕೇಳೋದೂ ಎರಡನೇ ಹೆಜ್ಜೆ. ಮೊದಲು ಇರೋದು ಏನು ಅಂತ ಎಣಿಸಿ. 42 ಪಾರ್ಕಿಗೂ ನಡ್ಕೊಂಡು ಹೋಗಿ, ಬೇಲಿ ಎಷ್ಟು ಮೀಟರು, ದಾರಿ ಎಷ್ಟು, ದೀಪದ ಕಂಬ ಎಷ್ಟು, ಆಟದ ಸಾಮಾನು ಯಾವ ವರ್ಷ ಹಾಕಿದ್ದು, ಶೌಚಾಲಯ, ಪಂಪು, ಚರಂಡಿ, ಬೆಂಚು, ಎಲ್ಲಾ ಬರ್ಕೊಳ್ಳಿ. ಪ್ರತಿಯೊಂದಕ್ಕೂ 1ರಿಂದ 5ರ ಒಳಗೆ ಒಂದು ಅಂಕಿ ಕೊಡಿ, 5 ಅಂದ್ರೆ ಹೊಸದರ ಥರ ಇದೆ, 1 ಅಂದ್ರೆ ನಾಳೆನೇ ತೆಗೀಬೇಕು. ಅಂಕಿ ಕೊಡೋರು ಇಬ್ಬರು ಇರಲಿ, ಎಲ್ಲಾ ಕಡೆ ಅದೇ ಇಬ್ಬರೇ ಇರಲಿ, ಯಾಕಂದ್ರೆ ಬೇರೆ ಬೇರೆಯವರು ಕೊಟ್ರೆ ಒಬ್ಬರ 3 ಇನ್ನೊಬ್ಬರ 2 ಆಗಿ ಲೆಕ್ಕವೇ ಕೆಡತ್ತೆ. ಪ್ರತಿಯೊಂದಕ್ಕೂ ಫೋಟೋ.

ಅಂಕಿ ಕೊಡುವಾಗ ದೂರದಿಂದ ನೋಡ್ಬೇಡಿ, ಬಗ್ಗಿ ನೋಡಿ. ಜೋಕಾಲಿ ಸರಪಳಿ ನೆಟ್ಟಗಿದ್ದಾಗ ಏನೂ ಕಾಣಲ್ಲ, ಎತ್ತಿ ಸಡಿಲ ಬಿಟ್ಟು ಕೊಂಡಿ ಕೊಂಡಿ ಸೇರೋ ಜಾಗ ನೋಡಿದ್ರೆ ಕಬ್ಬಿಣ ಎಷ್ಟು ಸವೆದಿದೆ ಅಂತ ಗೊತ್ತಾಗತ್ತೆ. ದೀಪದ ಕಂಬಾನೂ ಹಾಗೇ, ಮೇಲೆಲ್ಲ ಬಣ್ಣ ಹೊಳೀತಿರತ್ತೆ, ಬುಡದಲ್ಲಿ ನೆಲಕ್ಕೆ ತಾಗೋ ನಾಲ್ಕು ಬೆರಳು ಜಾಗದಲ್ಲಿ ಮಣ್ಣು ಸರಿಸಿ ಸ್ಕ್ರೂಡ್ರೈವರಿಂದ ಒತ್ತಿ, ಒಳಗೆ ಹೋದ್ರೆ ಆ ಕಂಬದ ಆಯಸ್ಸು ಮುಗೀತು ಅಂತಾನೇ. ನಾನು ಒಂದೇ ಬೆಳಿಗ್ಗೆ ಅಂಥ 11 ಕಂಬ ಗುರುತು ಮಾಡಿದ್ದೆ, ಎಲ್ಲಕ್ಕೂ ಆ ವರ್ಷವೇ ಬಣ್ಣ ಬಳಿದಿದ್ರು.

ಆಮೇಲೆ ಆಯಸ್ಸು. ನನ್ನ ಅನುಭವದ ಅಂದಾಜು ಹೇಳ್ತೀನಿ, ಬಿಸಿಲು ಮಳೆ ಬಳಕೆ ನೋಡಿ ಹೆಚ್ಚುಕಮ್ಮಿ ಆಗತ್ತೆ: ಮಕ್ಕಳ ಆಟದ ಸಾಮಾನು 12ರಿಂದ 15 ವರ್ಷ, ಅದರ ಕೆಳಗಿನ ಮೆತ್ತನೆ ರಬ್ಬರ್ ನೆಲ 8ರಿಂದ 10, ಕೃತಕ ಹುಲ್ಲಿನ ಮೈದಾನ ಕೂಡ ಸುಮಾರು ಅಷ್ಟೇ, ಡಾಂಬರು ದಾರಿ ಚೆನ್ನಾಗಿ ಹಾಕಿದ್ರೆ 20, ಕಟ್ಟಡ 40 50 ವರ್ಷ ಇರತ್ತೆ ಆದ್ರೆ ಅದರ ಛಾವಣಿ, ನಲ್ಲಿ, ವೈರಿಂಗು ಮಧ್ಯದಲ್ಲೇ ಒಂದ್ಸಲ ಬದಲಾಗ್ಬೇಕು. ಹಾಕಿದ ವರ್ಷ ಪ್ಲಸ್ ಆಯಸ್ಸು, ಇದನ್ನ ಒಂದು ಹಾಳೇಲಿ ವರ್ಷವಾರು ಜೋಡಿಸಿ.

ಆಗ ಒಂದು ವಿಷಯ ಕಣ್ಣಿಗೆ ಹೊಡೆಯತ್ತೆ. ಯಾವುದೋ ಒಂದು ಸ್ಕೀಮಲ್ಲಿ ದುಡ್ಡು ಬಂದು ಮೂರೇ ವರ್ಷದಲ್ಲಿ 30 ಪಾರ್ಕಿಗೆ ಆಟದ ಸಾಮಾನು ಹಾಕಿರ್ತಾರೆ, ಅಂದ್ರೆ ಅವೆಲ್ಲಾ ಹಾಳಾಗೋದೂ ಅದೇ ಮೂರು ವರ್ಷದಲ್ಲೇ. ಆ ವರ್ಷದ ಬಜೆಟ್ಟು ಎಲ್ಲಿಂದ ಬರತ್ತೆ? ಈಗಲೇ ನೋಡಿದ್ರೆ, ತುಂಬಾ ಬಳಕೆ ಇರೋ ಕಡೆ ಎರಡು ವರ್ಷ ಮುಂಚೆ ಬದಲಾಯಿಸಿ, ಕಮ್ಮಿ ಬಳಕೆ ಇರೋ ಕಡೆ ಸವೆದ ಭಾಗ ಮಾತ್ರ ಹಾಕಿಸಿ ಮೂರು ವರ್ಷ ಮುಂದೆ ತಳ್ಳಿ, ಹೊರೆ ಹರಡ್ಬಹುದು. 15 ವರ್ಷದ ಪ್ಲಾನ್ ಬೇಕು ಅನ್ನೋದೇ ಇದಕ್ಕೋಸ್ಕರ ಮೇಡಂ. ಒಂದು ವರ್ಷದ ಬಜೆಟ್ಟಲ್ಲಿ ಇದು ಯಾವತ್ತೂ ಕಾಣಲ್ಲ.

---

ಜಮಾಖರ್ಚು

ಅಳತೆಟೇಪು ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಸ್ಥಳೀಯ ಸಂಸ್ಥೆ ಲೆಕ್ಕಪತ್ರದ ಕಡೆಯವನು, ದುಡ್ಡಿನ ಕಡೆ ಸೇರಿಸ್ತೀನಿ.

ಆ ಪಟ್ಟಿ ಆದ್ಮೇಲೆ ಪ್ರತಿ ಪಾರ್ಕಿಗೂ ಎರಡು ಅಂಕಿ ತೆಗೀರಿ. ಇವತ್ತು ಬಾಕಿ ಉಳಿದಿರೋ ರಿಪೇರಿಗೆಲ್ಲ ಸೇರಿ ಎಷ್ಟಾಗತ್ತೆ, ಮತ್ತೆ ಇರೋದನ್ನೆಲ್ಲ ಇವತ್ತಿನ ರೇಟಲ್ಲಿ ಹೊಸದಾಗಿ ಮಾಡಿದ್ರೆ ಎಷ್ಟಾಗತ್ತೆ. ಮೊದಲನೇದನ್ನ ಎರಡನೇದರಿಂದ ಭಾಗಿಸಿದ್ರೆ ಬರೋದನ್ನ ಫೆಸಿಲಿಟಿ ಕಂಡೀಷನ್ ಇಂಡೆಕ್ಸ್ ಅಂತಾರೆ. ಸಾಮಾನ್ಯವಾಗಿ ಶೇಕಡಾ 5ರ ಒಳಗಿದ್ರೆ ಒಳ್ಳೇ ಸ್ಥಿತಿ, 5ರಿಂದ 10 ಪರವಾಗಿಲ್ಲ, 10 ದಾಟಿದ್ರೆ ಕೆಟ್ಟಿದೆ ಅಂತ ಲೆಕ್ಕ. ಇದು ಕಟ್ಟಡಗಳಿಗೆ ಅಂತ ಬಂದ ಅಳತೆ, ಪಾರ್ಕಿಗೂ ಹೊಂದತ್ತೆ, ಮರಗಳನ್ನ ಮಾತ್ರ ಇದರೊಳಗೆ ಸೇರಿಸ್ಬೇಡಿ. ಇದರ ಉಪಯೋಗ ಏನು ಅಂದ್ರೆ ಸಭೇಲಿ ಯಾರಾದ್ರೂ ನಮ್ಮ ಪಾರ್ಕೇ ತುಂಬಾ ಹಾಳಾಗಿದೆ ಅಂತ ಮೇಜು ಗುದ್ದಿದ್ರೆ ನೀವು ಅಂಕಿ ತೋರಿಸ್ಬಹುದು, ನಿಮ್ಮದು 7, ಆಚೆ ಕಡೇದು 23 ಅಂತ.

ಎರಡನೇದು ಬೆಲೆ ಏರಿಕೆ. 15 ವರ್ಷದ ಪ್ಲಾನಲ್ಲಿ ಎಲ್ಲಾ ವರ್ಷಕ್ಕೂ ಇವತ್ತಿನ ರೇಟ್ ಬರೆದು ಕೂಡಿಸಿ ಇಟ್ಟಿರೋದನ್ನ ನಾನು ಎಷ್ಟೋ ಸಲ ನೋಡಿದೀನಿ. ವರ್ಷಕ್ಕೆ ಶೇಕಡಾ 6 ಏರತ್ತೆ ಅಂತ ಇಟ್ಕೊಂಡ್ರೂ ಇವತ್ತು 100 ಆಗೋ ಕೆಲಸ 10ನೇ ವರ್ಷಕ್ಕೆ 179, 15ನೇ ವರ್ಷಕ್ಕೆ 240 ಹತ್ರ. ಕೊನೇ ಐದು ವರ್ಷಕ್ಕೆ ಬರೆದ ಕೆಲಸದಲ್ಲಿ ಅರ್ಧ ಕೂಡ ಆಗಲ್ಲ. ಕೊನೇಲಿ ಸಿಗೋದು ಯಾರು ಅಂದ್ರೆ ಮೊದಲಿಂದಲೂ ಹಿಂದೆ ಉಳಿದವರೇ, ಅವರಿಗೆ ಪೇಪರ್ ಮೇಲೆ ಮಾತು ಕೊಟ್ಟಿರ್ತೀವಿ ಅಷ್ಟೇ. ಜೊತೆಗೆ ಸರ್ವೆ, ಡಿಸೈನ್, ಮೇಲ್ವಿಚಾರಣೆ ಖರ್ಚು, ಅಂದಾಜಿಗೆ ಸಿಗದೇ ಇರೋದಕ್ಕೆ ಮೀಸಲು, ಇವನ್ನೂ ಸೇರಿಸಿ. ನಕ್ಷೆ ಇಲ್ಲದ ಹಂತದಲ್ಲಿ ನಾನು ಕಾಲು ಭಾಗ ಮೀಸಲು ಇಡ್ತೀನಿ, ನಕ್ಷೆ ಎಸ್ಟಿಮೇಟ್ ಎರಡೂ ಪಕ್ಕಾ ಆದ್ಮೇಲೆ ಶೇಕಡಾ ಹತ್ತಕ್ಕೆ ಇಳಿಸ್ತೀನಿ.

ಮೂರನೇದು, ಇದನ್ನ ದಯವಿಟ್ಟು ಮರೀಬೇಡಿ. ಬಜೆಟ್ಟಲ್ಲಿ ಬಂಡವಾಳ ಬೇರೆ ತಲೆಬರಹ, ನಿರ್ವಹಣೆ ಬೇರೆ ತಲೆಬರಹ. ಕಾರಂಜಿ ಕಟ್ಟೋಕೆ ಅನುದಾನ ಬರತ್ತೆ, ಅದರ ಕರೆಂಟು, ಪಂಪು, ಪಾಚಿ ತೆಗೆಯೋ ಆಳು, ಇದು ಮಾಮೂಲಿ ಬಜೆಟ್ಟಿಂದ ಬರ್ಬೇಕು, ಅಲ್ಲಿ ಒಂದು ಬಿಡಿಗಾಸೂ ಏರಿಸಿರಲ್ಲ. ಮೂರು ವರ್ಷಕ್ಕೆ ಕಾರಂಜಿ ಬತ್ತಿ ಸೊಳ್ಳೆ ಗುಂಡಿ ಆಗತ್ತೆ. ನಿಮ್ಮ ಕರಡಿನಲ್ಲಿ ಒಂದು ನಿಯಮ ಬರೀರಿ: ಹೊಸದಾಗಿ ಏನೇ ಸೇರಿಸಿದ್ರೂ ಅದರ ವರ್ಷದ ನಿರ್ವಹಣೆ ಎಷ್ಟು, ಯಾವ ತಲೆಬರಹದಿಂದ ಬರತ್ತೆ ಅಂತ ಬರೆದು ಸಹಿ ಆಗದೇ ಟೆಂಡರ್ ಕರೆಯೋ ಹಾಗಿಲ್ಲ. ನನ್ನ ಕೇಳಿದ್ರೆ ಇಡೀ ಪ್ಲಾನಲ್ಲಿ ಈ ಒಂದು ಸಾಲು ಉಳಿದ್ರೂ ಸಾಕು.

ಜಗತ್ತಿನಲ್ಲಿ ಇದನ್ನ ಬೇರೆ ಬೇರೆ ಥರ ಬಿಡಿಸಿದಾರೆ. ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಅಂತ ಊರಲ್ಲಿ 1992ರಲ್ಲಿ ಪಾರ್ಕ್ಸ್ ಟ್ರಸ್ಟ್ ಅಂತ ಮಾಡಿ, ಹಸಿರು ಜಾಗಗಳನ್ನ 999 ವರ್ಷದ ಗುತ್ತಿಗೆಗೆ ಅದಕ್ಕೆ ಕೊಟ್ಟು, ಜೊತೆಗೆ ಬಾಡಿಗೆ ಬರೋ ವಾಣಿಜ್ಯ ಆಸ್ತಿಗಳನ್ನೂ ಮೂಲನಿಧಿಯಾಗಿ ಕೊಟ್ರು. ಆ ಆದಾಯದಿಂದ ಪಾರ್ಕ್ ನಡೆಯತ್ತೆ, ಪ್ರತಿ ವರ್ಷ ಕೈ ಚಾಚೋದಿಲ್ಲ. ಅಮೆರಿಕದ ಸಿಯಾಟಲ್ ಜನ 2014ರಲ್ಲಿ ವೋಟ್ ಹಾಕಿ ಪಾರ್ಕಿಗೆ ಅಂತಲೇ ಪಾರ್ಕ್ ಡಿಸ್ಟ್ರಿಕ್ಟ್ ಅನ್ನೋ ಪ್ರತ್ಯೇಕ ಸಂಸ್ಥೆ ಮಾಡ್ಕೊಂಡ್ರು, ಅದಕ್ಕೆ ಆಸ್ತಿ ತೆರಿಗೆಯಿಂದ ದುಡ್ಡು ಬರತ್ತೆ, ಆರಾರು ವರ್ಷದ ಯೋಜನೆ ಹಾಕ್ತಾರೆ. ಎಲ್ಲರಿಗೂ ಇದು ಸಾಧ್ಯ ಅಂತಲ್ಲ, ಆದ್ರೆ ಕಟ್ಟೋ ದುಡ್ಡಿನ ಜೊತೆಗೇ ನೋಡ್ಕೊಳ್ಳೋ ದುಡ್ಡನ್ನೂ ಎತ್ತಿಟ್ಟಿದಾರೆ ನೋಡಿ.

---

ಬೇರುಮಣ್ಣು

ಮರಗಳನ್ನ ಸೇರಿಸ್ಬೇಡಿ ಅಂದ್ರಲ್ಲ ಜಮಾಖರ್ಚು ಅವರೇ, ಆ ಸೂತ್ರಕ್ಕೆ ಸೇರಿಸ್ಬೇಡಿ ಅನ್ನೋದು ಒಪ್ತೀನಿ, ಪ್ಲಾನಿಂದಲೇ ಬಿಟ್ಟುಬಿಡ್ತಾರೆ ಅನ್ನೋದು ನನ್ನ ಭಯ. ಹಾಗೇ ಆಗ್ತಿರೋದು. ಬೆಂಚಿಗೆ ನಂಬರ್ ಇರತ್ತೆ, 60 ವರ್ಷದ ಮರಕ್ಕೆ ಇರಲ್ಲ. ಪಾರ್ಕಲ್ಲಿ ಹಾಕಿದ ದಿನದಿಂದ ಸವೆಯದೇ ಬೆಳೆಯೋ ಆಸ್ತಿ ಅಂದ್ರೆ ಅದೊಂದೇ, ಬೆಂಚು ಹಾಕಿದ ಮಾರನೇ ದಿನದಿಂದ ಹಳೇದಾಗತ್ತೆ, ಮರ ನೆಟ್ಟು 20 ವರ್ಷ ಆದ್ಮೇಲೆ ನಿಜವಾಗಿ ಕೆಲಸ ಶುರು ಮಾಡತ್ತೆ. ಹಾಗಾಗಿ ಮುಂದಿನ 15 ವರ್ಷದಲ್ಲಿ ಯಾವ ಮರ ಹೋಗ್ಬಹುದು ಅಂತ ನೋಡಿ ಅದರ ನೆರಳಿಗೆ ಬದಲಿ ಗಿಡವನ್ನ ಇವತ್ತೇ ನೆಡ್ಬೇಕು, ಬಿದ್ದ ಮೇಲೆ ನೆಟ್ರೆ ಒಂದು ತಲೆಮಾರು ಬಿಸಿಲಲ್ಲಿ ಕೂರತ್ತೆ.

ಎಣಿಸುವಾಗ ಜಾತಿ, ಸುತ್ತಳತೆ, ಆರೋಗ್ಯ ಬರ್ಕೊಳ್ಳಿ. ಫ್ರ್ಯಾಂಕ್ ಸ್ಯಾಂಟಮೂರ್ ಅಂತ ಅಮೆರಿಕದ ನ್ಯಾಷನಲ್ ಆರ್ಬೊರೇಟಂನ (ಮರಗಳ ಸಂಶೋಧನೆಯ ತೋಟ) ತಳಿವಿಜ್ಞಾನಿ 1990ರಲ್ಲಿ ಒಂದು ಲೆಕ್ಕ ಕೊಟ್ಟಿದ್ರು, ಒಟ್ಟು ಮರಗಳಲ್ಲಿ ಒಂದೇ ಪ್ರಭೇದ ಶೇಕಡಾ 10 ದಾಟಬಾರದು, ಒಂದೇ ಕುಲ (ಹತ್ತಿರದ ಪ್ರಭೇದಗಳ ಗುಂಪು) 20, ಒಂದೇ ಕುಟುಂಬ (ಹತ್ತಿರದ ಕುಲಗಳ ಗುಂಪು) 30. ಅಲ್ಲಿ ಸಾಲಿಗೆ ಸಾಲು ಎಲ್ಮ್ ಮರ ನೆಟ್ಟಿದ್ದ ಊರುಗಳಲ್ಲಿ ಡಚ್ ಎಲ್ಮ್ ರೋಗ ಬಂದು ಬೀದಿ ಬೀದಿಯೇ ಬೋಳಾಗಿತ್ತು, ಆ ಪೆಟ್ಟು ತಿಂದ ಅನುಭವ ಅದರ ಹಿಂದೆ ಇದೆ. ನಿಮ್ಮ ಪಟ್ಟೀಲಿ ಒಂದೇ ಜಾತಿ ಅರ್ಧದಷ್ಟು ಇದ್ರೆ ಅದು ಕಾಣದೇ ಇರೋ ಸಾಲ ಅಂತ ತಿಳ್ಕೊಳ್ಳಿ.

ಇನ್ನೊಂದು, ಇದು ನಾನು ಕಣ್ಣಾರೆ ಕಂಡಿದ್ದು. ಒಂದು ಪಾರ್ಕಲ್ಲಿ ದಾರಿ ಅಗಲ ಮಾಡೋ ಕಾಮಗಾರಿ, ದೊಡ್ಡ ಮರದ ಬುಡದಿಂದ ಎರಡು ಅಡಿ ಬಿಟ್ಟು ಜೆಸಿಬೀಲಿ ಕಾಲುವೆ ತೋಡಿದ್ರು, ಮರ ಮುಟ್ಟಿಲ್ವಲ್ಲ ಅಂತ ಅವರ ಲೆಕ್ಕ. ಕಾಲುವೆ ಪಕ್ಕದಲ್ಲಿ ತೊಡೆ ದಪ್ಪದ ಬೇರು, ಕತ್ತರಿಸಿದ ಮುಖ ಇನ್ನೂ ಒದ್ದೆ ಇತ್ತು, ಕೆಂಪಗೆ. ಮರಕ್ಕೆ ಅವತ್ತೇನೂ ಆಗಲಿಲ್ಲ. ಮೊದಲ ವರ್ಷ ತುದಿ ಕೊಂಬೆ ಒಣಗಿತು, ಮೂರನೇ ವರ್ಷ ಗಾಳಿಗೆ ಅದೇ ದಾರಿ ಮೇಲೆ ಬಿತ್ತು, ರಾತ್ರಿ ಆಗಿದ್ದರಿಂದ ಯಾರೂ ಇರಲಿಲ್ಲ. ಮರದ ಬೇರು ಬಹುಪಾಲು ಮೇಲಿನ ಎರಡಡಿ ಮಣ್ಣಲ್ಲೇ ಇರತ್ತೆ, ಕೊಂಬೆ ಹರಡಿದ್ದಕ್ಕಿಂತ ಆಚೆಗೂ ಹೋಗಿರತ್ತೆ. ಕಾಮಗಾರಿ ಶುರು ಆಗೋಕೆ ಮುಂಚೆ ಕೊಂಬೆ ಹರಡಿದಷ್ಟೂ ಜಾಗಕ್ಕೆ ಬೇಲಿ, ಅದರೊಳಗೆ ಗಾಡಿ, ಮರಳು, ಸಿಮೆಂಟು ಯಾವುದೂ ಬೇಡ, ಇದನ್ನ ಟೆಂಡರ್ ಷರತ್ತಲ್ಲೇ ಹಾಕಿಸಿ. ಮಣ್ಣು ಒಂದ್ಸಲ ಗಟ್ಟಿ ಆಯ್ತು ಅಂದ್ರೆ ನೀರೂ ಇಳಿಯಲ್ಲ ಗಾಳೀನೂ ಆಡಲ್ಲ.

ಗಿಡ ನೆಡೋ ಖರ್ಚು ಅಂತ ಬರೆದ್ರೆ ಮೂರು ವರ್ಷದ ನೀರು ಮತ್ತೆ ಆರೈಕೆ ಅದರೊಳಗೇ ಇರ್ಲಿ. ನೆಟ್ಟಿದ್ದು ಎಷ್ಟು ಅಂತ ಅಲ್ಲ, ಮೂರನೇ ವರ್ಷದ ಕೊನೇಲಿ ಬದುಕಿರೋದು ಎಷ್ಟು ಅಂತ ಎಣಿಸಿ ದುಡ್ಡು ಕೊಡೋ ಹಾಗೆ ಮಾಡಿ.

---

ಬೆಳಗಿನನಡಿಗೆ

ಮೂವರಿಗೂ ಎಷ್ಟು ಧನ್ಯವಾದ ಹೇಳಿದ್ರೂ ಸಾಲದು. ಒಂದು ನಿಜವಾದ ಕಷ್ಟ ಹೇಳ್ಕೊಳ್ತೀನಿ. ನಿನ್ನೆ ಸಮಿತೀಲಿ ಪೈಪು, ಚರಂಡಿ, ಮಣ್ಣು ಅಂತ ಮಾತು ತೆಗೆದೆ, ಒಬ್ಬ ಸದಸ್ಯರು ನೆಲದೊಳಗೆ ಹೂತಿಟ್ಟಿದ್ದಕ್ಕೆ ಜನ ವೋಟ್ ಹಾಕಲ್ಲಮ್ಮ ಅಂದ್ರು. ಕೆಟ್ಟ ಮನುಷ್ಯ ಏನಲ್ಲ, ಅವರ ಏರಿಯಾ ಜನ ಅವರನ್ನ ಕೇಳ್ತಾರೆ, ಏನು ಮಾಡಿದ್ರಿ ತೋರಿಸಿ ಅಂತ. ಇದಕ್ಕೆ ಏನು ಉತ್ತರ? ಮತ್ತೆ 42ರಲ್ಲಿ ಯಾರಿಗೆ ಮೊದಲು ಅನ್ನೋದನ್ನ ಅಂಕಿ ಒಂದರಿಂದಲೇ ತೀರ್ಮಾನ ಮಾಡಿದ್ರೆ ನ್ಯಾಯ ಆಗತ್ತಾ?

---

ಅಮ್ಮುವಿನಮ್ಮ

ನಾನು ಈ ವಿಷಯದಲ್ಲಿ ಕಲಿತವಳಲ್ಲ, ಆದ್ರೆ ಎರಡನೇ ಪ್ರಶ್ನೆಗೆ ಹೇಳೋದಿದೆ ಅಕ್ಕ. ನನ್ನ ಮಗಳು ಗಾಲಿಕುರ್ಚೀಲಿ ಇರೋದು, 11 ವರ್ಷ. ನಮ್ಮ ಮನೆ ಹತ್ರದ ಪಾರ್ಕ್ ಸ್ಥಿತಿ ತುಂಬಾ ಚೆನ್ನಾಗಿದೆ, ನೀವು ಅಂಕಿ ಕೊಟ್ರೆ 4 ಬರತ್ತೆ. ಆದ್ರೆ ಗೇಟಲ್ಲಿ ದನ ಬರಬಾರದು ಅಂತ ಸುತ್ತಿ ಹೋಗೋ ಕಬ್ಬಿಣದ ಗೇಟ್ ಹಾಕಿದಾರೆ, ಕುರ್ಚಿ ನುಗ್ಗಲ್ಲ. ಪಕ್ಕದಲ್ಲಿರೋ ದೊಡ್ಡ ಗೇಟಿಗೆ ಬೀಗ, ಬೀಗದ ಕೈ ಕಾವಲುಗಾರರ ಹತ್ರ, ಅವರು ಸಂಜೆ ಐದರ ಮೇಲೆ ಬರ್ತಾರೆ. ಒಳಗೆ ರ‍್ಯಾಂಪ್ ಇದೆ, ಎಷ್ಟು ಕಡಿದು ಅಂದ್ರೆ ನಾನು ಹಿಂದಿಂದ ತಳ್ಳಿದ್ರೂ ಅರ್ಧಕ್ಕೆ ನಿಲ್ಲತ್ತೆ. ಒಂದಡಿ ಏರೋಕೆ ಕನಿಷ್ಠ 12 ಅಡಿ ಉದ್ದ ಬೇಕು ಅಂತ ನಿಯಮ ಇರೋದು, ನಾನೇ ಅಳೆದೆ, ಇಲ್ಲಿ ಐದೂ ಇಲ್ಲ. ಆಟದ ಜಾಗಕ್ಕೆ ಮರಳು ಹಾಕಿದಾರೆ, ಚಕ್ರ ಹೂತು ಹೋಗತ್ತೆ. ಅವಳು ಅಂಚಲ್ಲಿ ಕೂತು ಬೇರೆ ಮಕ್ಕಳನ್ನ ನೋಡ್ತಾಳೆ. ಅವಳ ಲೆಕ್ಕದಲ್ಲಿ ಆ ಪಾರ್ಕಿಗೆ ಎಷ್ಟು ಅಂಕಿ?

ಸಾಮಾನು ಹಾಳಾಗಿದೆಯಾ ಅಂತ ನೋಡೋ ಹಾಗೆ ಯಾರು ಒಳಗೆ ಬರೋಕೆ ಆಗ್ತಿಲ್ಲ ಅಂತ್ಲೂ ಒಂದು ಕಾಲಂ ಇಡಿ. ಮತ್ತೆ ಪಾರ್ಕೇ ಇಲ್ಲದ ಏರಿಯಾಗಳು ನಿಮ್ಮ 42ರ ಪಟ್ಟೀಲಿ ಎಲ್ಲಿ ಬರ್ತವೆ? ಇರೋದನ್ನ ಮಾತ್ರ ಎಣಿಸಿದ್ರೆ ಇಲ್ಲದವರು ಲೆಕ್ಕಕ್ಕೇ ಸಿಗಲ್ಲ. ಮನೆಯಿಂದ ಹತ್ತು ನಿಮಿಷ ನಡೆದ್ರೆ ಪಾರ್ಕ್ ಸಿಗ್ಬೇಕು ಅಂತ ಒಂದು ಅಳತೆ ಇದೆಯಲ್ಲ, ಅದನ್ನ ಮ್ಯಾಪಲ್ಲಿ ವೃತ್ತ ಎಳೆದು ನೋಡ್ಬೇಡಿ, ಮಧ್ಯೆ ರೈಲ್ವೆ ಹಳಿ ಇದ್ರೆ, ದೊಡ್ಡ ರಸ್ತೆ ಇದ್ರೆ, ಗೇಟ್ ಆ ಕಡೆ ಇದ್ರೆ ಎಲ್ಲಾ ಸುಳ್ಳಾಗತ್ತೆ. ನಡ್ಕೊಂಡೇ ಹೋಗಿ ನೋಡಿ, ಆದ್ರೆ ಒಂದ್ಸಲ ಒಬ್ಬರು ವಯಸ್ಸಾದವರ ಜೊತೆ ಹೋಗಿ.

---

ಅಳತೆಟೇಪು

ಅಮ್ಮುವಿನಮ್ಮ, ನೀವು ಕಲಿತವಳಲ್ಲ ಅನ್ಬೇಡಿ. ನಾನು ಸರ್ವಿಸಲ್ಲಿ ಇದ್ದಾಗ ಆ ಸುತ್ತುಗೇಟು ನಾನೇ ಎಷ್ಟು ಕಡೆ ಹಾಕಿಸಿದೀನಿ, ಒಂದು ದಿನವೂ ಹೀಗೆ ಯೋಚನೆ ಬಂದಿರಲಿಲ್ಲ. ತಪ್ಪಾಯ್ತು. ಗೇಟ್ ಪಕ್ಕ ಒಂದು ಮೀಟರಿಗಿಂತ ಸ್ವಲ್ಪ ಅಗಲದ ತಾನೇ ಮುಚ್ಚೋ ಬಾಗಿಲು ಇಟ್ರೆ ದನವೂ ಬರಲ್ಲ, ಕುರ್ಚಿ ಸಲೀಸಾಗಿ ಹೋಗತ್ತೆ, ಇದು ಬಂಡವಾಳ ಪ್ಲಾನಿಗೆ ಕಾಯೋ ಕೆಲಸವೇ ಅಲ್ಲ, ಈ ವರ್ಷದ ರಿಪೇರೀಲೇ ಆಗತ್ತೆ.

ಬೆಳಗಿನನಡಿಗೆ ಮೇಡಂ, ಯಾರಿಗೆ ಮೊದಲು ಅನ್ನೋದಕ್ಕೆ ಅಮೆರಿಕದ ಮಿನಿಯಾಪೊಲಿಸ್‌ನವರು ಮಾಡಿದ್ದು ಹೇಳ್ತೀನಿ. 2016ರಲ್ಲಿ ಅಲ್ಲಿನ ಪಾರ್ಕ್ ಬೋರ್ಡೂ ನಗರ ಕೌನ್ಸಿಲ್ಲೂ ಸೇರಿ 20 ವರ್ಷದ ಒಪ್ಪಂದ ಮಾಡ್ಕೊಂಡ್ರು, ಬಡಾವಣೆ ಪಾರ್ಕುಗಳಿಗೆ ವರ್ಷಕ್ಕೆ ಇಷ್ಟು ಅಂತ ಗ್ಯಾರಂಟಿ, ಸುಮಾರು 1.1 ಕೋಟಿ ಡಾಲರ್. ಆ ದುಡ್ಡು ಯಾವ ಪಾರ್ಕಿಗೆ ಮೊದಲು ಅನ್ನೋದನ್ನ ಸದಸ್ಯರ ಬಾಯಿಮಾತಿಗೆ ಬಿಡದೆ ಅಂಕಪಟ್ಟಿ ಮಾಡಿದ್ರು, ಅದ್ರಲ್ಲಿ ಸಾಮಾನಿನ ಸ್ಥಿತಿ ಒಂದೇ ಅಲ್ಲ, ಸುತ್ತಲಿನ ಜನರ ಬಡತನ, ಜನಾಂಗೀಯವಾಗಿ ಹಿಂದೆ ಬಿದ್ದಿರೋದು, ಅಲ್ಲಿಗೆ ಹಿಂದೆ ಎಷ್ಟು ದುಡ್ಡು ಹೋಗಿದೆ, ಇಂಥವೂ ಬಂದ್ವು. ಆ ಪಟ್ಟಿ ಎಲ್ಲರಿಗೂ ಕಾಣೋ ಹಾಗೆ ಇದೆ. ನೀವೂ ಹಾಗೇ ಮಾಡಿ, ಅಂಕ ಕೊಡೋ ರೀತಿಯನ್ನ ಮೊದಲು ಒಪ್ಪಿಸ್ಕೊಳ್ಳಿ, ಯಾವ ಪಾರ್ಕಿಗೆ ಎಷ್ಟು ಬಂತು ಅಂತ ಆಮೇಲೆ ತೆಗೀರಿ. ಹೆಸರು ನೋಡಿದ ಮೇಲೆ ಯಾರೂ ನಿಯಮ ಒಪ್ಪಲ್ಲ. ಕ್ರಮ ಬದಲಾಯಿಸ್ಬೇಕು ಅಂದ್ರೆ ಬದಲಾಯಿಸ್ಲಿ, ಆದ್ರೆ ಕಾರಣ ಬರೆದು ಕಡತದಲ್ಲಿ ಇಡ್ಬೇಕು ಅಂತ ಮಾಡಿ.

ಇನ್ನು ನೆಲದೊಳಗಿನ ಕೆಲಸಕ್ಕೆ ವೋಟ್ ಇಲ್ಲ ಅನ್ನೋದು. ಅದಕ್ಕೆ ನಾನು ಕಂಡುಕೊಂಡ ದಾರಿ, ಬರೀ ಪೈಪಿಗೆ ಅಂತ ಪ್ರತ್ಯೇಕ ಕಾಮಗಾರಿ ಹಾಕಲೇಬೇಡಿ. ಒಂದು ಪಾರ್ಕ್ ಮುಟ್ಟಿದ್ರೆ ನೆಲದೊಳಗಿಂದ ಮೇಲಿನವರೆಗೆ ಒಂದೇ ಪ್ಯಾಕೇಜಲ್ಲಿ ಮುಗಿಸಿ, ಮೊದಲು ಚರಂಡಿ ಪೈಪು ಕೇಬಲ್ಲು, ಆಮೇಲೆ ದಾರಿ, ಕೊನೇಗೆ ಬೆಂಚು ಗಿಡ. ಸದಸ್ಯರಿಗೆ ಉದ್ಘಾಟನೆಗೆ ಪಾರ್ಕ್ ಸಿಗತ್ತೆ, ಪೈಪೂ ಹೊಸದಾಗತ್ತೆ. ಹತ್ತು ಪಾರ್ಕಿಗೆ ಹತ್ತು ತೇಪೆ ಹಾಕೋದಕ್ಕಿಂತ ವರ್ಷಕ್ಕೆ ಮೂರು ಪಾರ್ಕ್ ಪೂರ್ತಿ ಮಾಡೋದು ಒಳ್ಳೇದು. ನಕ್ಷೆಯಿಂದ ಹಿಡಿದು ಗೇಟ್ ತೆರೆಯೋವರೆಗೆ ಎರಡು ಮೂರು ವರ್ಷ ಹಿಡಿಯತ್ತೆ, ನಿಮ್ಮ ಇಂಜಿನಿಯರ್‌ಗಳು ಎಷ್ಟು ಜನ ಇದಾರೆ ನೋಡ್ಕೊಂಡೇ ವರ್ಷಕ್ಕೆ ಎಷ್ಟು ಅಂತ ಬರೀರಿ.

---

ಜಮಾಖರ್ಚು

ಇದಕ್ಕೆ ಒಂದು ಮಾತು ಸೇರಿಸ್ತೀನಿ, ಚರಂಡಿ ಅಂದಿದ್ದಕ್ಕೆ ನೆನಪಾಯ್ತು. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 2011ರ ಜುಲೈ 2ನೇ ತಾರೀಖು ಭಯಂಕರ ಮಳೆ ಬಂದು ಊರೆಲ್ಲ ನೀರಾಯ್ತು. ಆಮೇಲೆ ಅವರು ಮಳೆನೀರು ನಿಲ್ಲಿಸೋ ಜಾಗಗಳಾಗಿ ಪಾರ್ಕುಗಳನ್ನೇ ಬಳಸೋಕೆ ಶುರು ಮಾಡಿದ್ರು. ಎಂಗ್‌ಹೇವ್ ಪಾರ್ಕ್ ಅಂತ ಹಳೇ ಪಾರ್ಕನ್ನ ತಗ್ಗು ಮಾಡಿ, ಸುತ್ತ ಕಟ್ಟೆ ಕಟ್ಟಿ, ದೊಡ್ಡ ಮಳೆಗೆ 22 ಸಾವಿರ ಘನ ಮೀಟರಿಗೂ ಹೆಚ್ಚು ನೀರು ಹಿಡಿಯೋ ಹಾಗೆ ಮಾಡಿ 2019ರಲ್ಲಿ ತೆರೆದ್ರು. ಉಳಿದ ದಿನ ಅದು ಮಕ್ಕಳು ಆಡೋ ಪಾರ್ಕೇ. ಇಂಥ ಕೆಲಸಕ್ಕೆ ಅಲ್ಲಿ ನೀರು ಒಳಚರಂಡಿ ಶುಲ್ಕದ ದುಡ್ಡೂ ಬರತ್ತೆ. ಅಂದ್ರೆ ಪಾರ್ಕ್ ಬಜೆಟ್ ಒಂದನ್ನೇ ನಂಬ್ಕೊಂಡು ಕೂರ್ಬೇಡಿ, ನಿಮ್ಮ 42ರಲ್ಲಿ ತಗ್ಗಲ್ಲಿರೋ ನಾಲ್ಕೈದು ಪಾರ್ಕ್ ಗುರುತು ಮಾಡಿ ಮಳೆನೀರು ವಿಭಾಗದವರ ಜೊತೆ ಕೂತು ಮಾತಾಡಿ, ಅವರಿಗೂ ಜಾಗ ಬೇಕಾಗಿರತ್ತೆ.

---

ಬೆಳಗಿನನಡಿಗೆ

ಮೂರು ವಾರ ಆಯ್ತು, ಏನಾಯ್ತು ಅಂತ ಹೇಳ್ಬೇಕಲ್ಲ.

ಎಣಿಕೆ ಶುರು ಮಾಡಿದೀವಿ. ನಾನು ಮತ್ತೆ ಇಲಾಖೆಯ ಒಬ್ಬರು ಕಿರಿಯ ಇಂಜಿನಿಯರ್, ಇಬ್ಬರೇ, ಎಲ್ಲಾ ಪಾರ್ಕಿಗೂ ನಾವೇ. ಅಮ್ಮುವಿನಮ್ಮ ಹೇಳಿದ ಕಾಲಂ ಹಾಕಿದೀವಿ, ಮೊದಲ ಆರು ಪಾರ್ಕಲ್ಲಿ ಐದಕ್ಕೆ ಗಾಲಿಕುರ್ಚಿ ಒಳಗೇ ಹೋಗಲ್ಲ. ಮರಗಳಿಗೆ ನಂಬರ್ ಹಾಕ್ತಾ ಇದೀವಿ. ನಿರ್ವಹಣೆ ಸಹಿ ನಿಯಮಕ್ಕೆ ಸಮಿತೀಲಿ ಇಬ್ಬರು ಒಪ್ಪಿದಾರೆ, ಇನ್ನೂ ಮೂವರನ್ನ ಒಪ್ಪಿಸ್ಬೇಕು.

ಆದ್ರೆ ನಾನು ಬರೆಯೋಕೆ ಬಂದಿದ್ದು ಬೇರೆ ವಿಷಯಕ್ಕೆ. ಮೊದಲನೇ ಪಾರ್ಕಲ್ಲಿ ನಾವು ನೆಲ ನೋಡ್ತಾ ಓಡಾಡ್ತಿದ್ವಿ, ಅಲ್ಲಿನ ಮಾಲಿ ತಾತ ಬಂದು ಏನು ಹುಡುಕ್ತಿದೀರಿ ಅಂದ್ರು. ನೀರಿನ ವಾಲ್ವ್ ಅಂದೆ. ಅವರು ಹತ್ತಿರದ ಹೊಂಗೆ ಮರದಿಂದ ಹೆಜ್ಜೆ ಎಣಿಸ್ತಾ ಹೋದ್ರು, ಹದಿನಾಲ್ಕು ಹೆಜ್ಜೆ, ಗುದ್ದಲಿಯಿಂದ ಎರಡು ಸಲ ಕೆರೆದ್ರು, ಮುಚ್ಚಳ ಕಾಣಿಸ್ತು. 26 ವರ್ಷದಿಂದ ಇಲಾಖೇಲಿ ಇದಾರಂತೆ, ಬೇರೆ ಬೇರೆ ಪಾರ್ಕಿಗೆ ಹಾಕಿದ್ರಿಂದ ಇಪ್ಪತ್ತಕ್ಕೂ ಹೆಚ್ಚು ಪಾರ್ಕಿನ ಪೈಪು ಅವರ ತಲೇಲಿದೆ. ಆ ಒಂದು ಪಾರ್ಕಲ್ಲೇ ಒಂಬತ್ತು ವಾಲ್ವ್ ತೋರಿಸಿದ್ರು, ಎರಡು ಹೊಸ ವೇದಿಕೆಯ ಕಾಂಕ್ರೀಟ್ ಅಡಿ ಹೋಗಿವೆ, ಹಾಕುವಾಗ ಹೇಳಿದ್ನಮ್ಮ ಯಾರೂ ಕೇಳಲಿಲ್ಲ ಅಂದ್ರು. ನನ್ನ ಪಾರ್ಕಿನ ಆ ನಾಲ್ಕು ಗುಂಡಿ ನೆನಪಾಯ್ತು, ಅವರನ್ನ ಒಂದು ಮಾತು ಕೇಳಿದ್ರೆ ಒಂದೇ ಗುಂಡಿ ಸಾಕಿತ್ತು.

ಅವರು ಇನ್ನು ನಾಲ್ಕು ತಿಂಗಳಿಗೆ ರಿಟೈರ್ ಆಗ್ತಾರೆ. ಹಾಗಾಗಿ ಪಟ್ಟಿಯ ಕ್ರಮ ಬದಲಾಯಿಸಿದೀವಿ, ಅವರಿಗೆ ಗೊತ್ತಿರೋ ಪಾರ್ಕ್ ಎಲ್ಲಾ ಮೊದಲು. ದಿನಾ ಬೆಳಿಗ್ಗೆ ಆರಕ್ಕೆ ಅವರ ಜೊತೆ ಹೋಗ್ತೀವಿ, ಅವರು ಹೆಜ್ಜೆ ಹಾಕ್ತಾರೆ, ಇಂಜಿನಿಯರ್ ಟೇಪಲ್ಲಿ ಅಳೀತಾರೆ, ನಾನು ನಕ್ಷೆ ಮೇಲೆ ಗುರುತು ಹಾಕ್ತೀನಿ. ಅಳತೆಟೇಪು ಸರ್, ಒಂದು ಪ್ರಶ್ನೆ ಇದೆ, ಮುಚ್ಚಳ ತೆಗೆದಾಗ ಪೈಪಿನ ಅಳತೆ ಜೊತೆ ಇನ್ನೇನೇನು ಬರ್ಕೊಂಡ್ರೆ ಮುಂದೆ ಬರೋರಿಗೆ ಉಪಯೋಗ ಆಗತ್ತೆ? ನಾಳೆ ಏಳನೇ ಪಾರ್ಕು, ಅಷ್ಟರೊಳಗೆ ಹೇಳಿದ್ರೆ ತುಂಬಾ ಸಹಾಯ.

---

ಅಳತೆಟೇಪು

ಪೈಪ್ ಯಾವುದರದ್ದು, ಕಬ್ಬಿಣವಾ ಪಿವಿಸಿಯಾ, ನೆಲದಿಂದ ಎಷ್ಟು ಆಳ, ಯಾವ ಕಡೆಯಿಂದ ಬಂದು ಯಾವ ಕಡೆ ಹೋಗತ್ತೆ, ವಾಲ್ವ್ ತಿರುಗತ್ತಾ ಇಲ್ವಾ, ತಿರುಗಿದ್ರೆ ಪೂರ್ತಿ ಮುಚ್ಚೋಕೆ ಎಷ್ಟು ಸುತ್ತು. ಗಟ್ಟಿಯಾಗಿದ್ರೆ ಬಲವಂತ ಮಾಡ್ಬೇಡಿ, ಹಳೇ ವಾಲ್ವ್ ಮುರಿದ್ರೆ ಅಲ್ಲೇ ನೀರು ಬರತ್ತೆ. ಮರದಿಂದ ಅಳತೆ ತಗೊಂಡ್ರೆ ಸಾಲದು, ಮರ ಹೋಗ್ಬಹುದು, ಗೇಟಿನ ಕಂಬ ಮತ್ತೆ ಕಾಂಪೌಂಡ್ ಮೂಲೆ ಎರಡರಿಂದಲೂ ಅಳೀರಿ. ಮತ್ತೆ ತಾತನ್ನ ನಿಲ್ಲಿಸಿ ಪಕ್ಕದಲ್ಲಿ ವಾಲ್ವ್ ಕಾಣೋ ಹಾಗೆ ಫೋಟೋ ತೆಗೀರಿ, ಅವರ ಹೆಸರೂ ನಕ್ಷೆ ಮೇಲೆ ಬರಲಿ.